ಐವತ್ತಕ್ಕೆ ಒಂಬತ್ತು

ಚಂದ್ರಮತಿ ಯಾರ ಪಾಠವೂ ಇಲ್ಲದೆ ತಾವಾಗಿಯೇ ಪ್ರಾಕೃತ, ಸಂಸ್ಕೃತ, ಪರ್ಷಿಯನ್, ಫ್ರೆಂಚ್ ಕಲಿಯುತ್ತಿದ್ದರು. ಪ್ರತಿ ಭಾನುವಾರ ಐವತ್ತು ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವರು. ಗಂಡ ಪದ್ಮರಾಜಯ್ಯ ಅದನ್ನು ಉತ್ತರದ ಪುಸ್ತಕದ ಜೊತೆ ಹೋಲಿಸಿ ಅಂಕ ಕೊಡುವರು. ಆಕೆ ಆ ಅಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವರು.

ನಲವತ್ತಾರು ಬರುತ್ತಿದ್ದದ್ದು ಎರಡೇ ತಿಂಗಳಲ್ಲಿ ಹದಿನೇಳಕ್ಕೆ ಇಳಿದಿತ್ತು. ಆಕೆಯ ತಾಯಿ ಇದೇ ವಯಸ್ಸಿನಲ್ಲಿ ಮಕ್ಕಳ ಹೆಸರು ಮರೆತಿದ್ದರು.

"ಈ ಸಲ ಎಷ್ಟ್ರೀ?"

"ಒಂಬತ್ತು."

ಚಂದ್ರಮತಿ ಅದನ್ನು ಕ್ಯಾಲೆಂಡರಿನಲ್ಲಿ ಬರೆದರು. "ಅಮ್ಮನ ಹಾಗೇ ನನಗೂ ಆಗ್ತಿದೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

"ನಿಂಗೇನೂ ಆಗಿಲ್ಲ, ಸುಮ್ನಿರು."

"ಮತ್ತೆ ಒಂಬತ್ತು ಹೇಗೆ ಬಂತು?"

ಆಕೆ ಮೊದಲ ಬಾರಿಗೆ ಎರಡೂ ಪುಸ್ತಕಗಳನ್ನು ಎಳೆದುಕೊಂಡು ತಾವೇ ನೋಡಿದರು. ಉತ್ತರದಲ್ಲಿ ನೀರು ಎಂದಿದ್ದ ಕಡೆ ನೀರು ಎಂದೇ ಬರೆದಿದ್ದರು, ಬಾಗಿಲು ಎಂದಿದ್ದ ಕಡೆ ಬಾಗಿಲು. ಎರಡಕ್ಕೂ ತಪ್ಪು ಗುರುತು ಬಿದ್ದಿತ್ತು.

"ಎಲ್ಲಾ ಸರಿಯಾಗೇ ಇದೆಯಲ್ರೀ. ಯಾಕೆ ತಪ್ಪು ಹಾಕಿದ್ರಿ?"

ಪದ್ಮರಾಜಯ್ಯ ತಲೆ ತಗ್ಗಿಸಿದರು.

"ಅಂದಾಜಿನ ಮೇಲೆ ಹಾಕ್ತಿದ್ದೆ ಚಂದ್ರಾ. ಅಕ್ಷರ ಕಾಣುತ್ತೆ, ಏನು ಬರ್ದಿದೆ ಅಂತ ಗೊತ್ತಾಗಲ್ಲ."