ಹೆಸರು ಕೂಗಲಿ

ನಾಟಕ ಸಂಘದ ವಾರ್ಷಿಕೋತ್ಸವಕ್ಕೆ ಮುದುಕ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದ. "ಮಾಸ್ತರ, ಇವತ್ತ ಸ್ಟೇಜಿನ ಮ್ಯಾಲ ನಿಮ್ಮ ಹೆಸರು ಹೇಳತಾರಂತ" ಎಂದು ಚಹಾದಂಗಡಿಯವನು ಹೇಳಿದ್ದ. ತನ್ನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು.

"ನೀವೂ ಕಲಾವಿದರೇನ್ರಿ?" ಪಕ್ಕದ ಹೆಂಗಸು ಕೇಳಿದಳು.

"ಹೌದವ್ವಾ. ಸಣ್ಣಾಂವ ಇದ್ದಾಗ ನಾಟಕ ಕಂಪನಿ ಸೇರಿದೆ. ಮೊದಲನೇ ಪಾತ್ರ ಹೆಣದ್ದು. ಇರುವಿ ಕಡಿದರೂ ಮಿಸುಕಂಗಿಲ್ಲ, ಸೀನ್ ಕೆಟ್ಟರ ಮಾಲಕರ ಬೆತ್ತ ಬೀಳತಿತ್ತು. ಆಮ್ಯಾಲೆ ರಾಣಿ ಆದೆ. ಮೀಸಿ ಬಂತು, ರಾಣಿ ಪಾತ್ರ ಹೋತು, ಪರದೆಗೆ ಬಣ್ಣ ಹಚ್ಚಿದೆ. ಕಂಪನಿ ಮುಚ್ಚಿತು, ಸಿನಿಮಾದಾಗ ಹೀರೋಯಿನ್ ಅಪ್ಪ ಆದೆ."

"ಈಗ?"

"ಈಗ ಯಾರೂ ಕರಿಯಂಗಿಲ್ಲ. ಮನ್ಯಾಗ ರೇಡಿಯೋ ಒಂದೇ ಮಾತಾಡತೈತಿ."

"ಮತ್ತ ಮುಂದ ಹೋಗಿ ಕುಂಡ್ರಬಾರದೇನು?"

"ಹೆಸರು ಕೂಗಲಿ. ಕೂಗಿದಮ್ಯಾಲೆ ಹೋಗೂದು ಚಂದ."

ಅಷ್ಟರಲ್ಲಿ ಮೈಕಿನಲ್ಲಿ ಕೂಗಿಯೇಬಿಟ್ಟರು. "ಹಿರಿಯ ಕಲಾವಿದ ಗದಿಗೆಪ್ಪ ಮಾಸ್ತರು..."

ಮುದುಕ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎದ್ದ. ಅವನಿಗೆ ದಾರಿ ಬಿಡಲು ಹೆಂಗಸು ಕಾಲು ಮಡಚಿಕೊಂಡಳು.

"...ಕಳೆದ ತಿಂಗಳು ನಮ್ಮನ್ನಗಲಿದರು. ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ಸಭೆಯೆಲ್ಲ ಎದ್ದು ನಿಂತಿತು. ಮುದುಕ ನಿಂತಲ್ಲೇ ಕೈಕಟ್ಟಿ ತಲೆ ತಗ್ಗಿಸಿದ.

"ಏನ್ರಿ ಇದು? ಜೀವಂತ ಅದೀನಿ ಅಂತ ಹೇಳ್ರಿ" ಎಂದು ಹೆಂಗಸು ಪಿಸುಗುಟ್ಟಿದಳು.

ಅವನು ತುಟಿ ಅಲುಗಿಸದೆ ಹೇಳಿದ, "ಸೀನ್ ನಡದೈತವ್ವಾ. ಪರದೆ ಬೀಳೂತನಕ ಹೆಣ ಮಾತಾಡಬಾರದು."