ವಸುಮತಿಯ ಕುರ್ಚಿ

ಪ್ರತಿ ಬಹುರಾಷ್ಟ್ರೀಯ ಕಂಪನಿಯ ಆಡಳಿತ ಮಂಡಳಿಯಲ್ಲೂ ಒಬ್ಬ ವಿದೇಶಿ ಮಹಿಳೆ ಇರಲೇಬೇಕೆಂಬ ಕಾನೂನು ಬಂದಮೇಲೆ, ಧಾರವಾಡದ ವಸುಮತಿ ದೇಸಾಯಿಯ ಬೆಳಕಿನ ಪ್ರತಿರೂಪಗಳು ದೇಶದೇಶಗಳ ಸಭೆಗಳಲ್ಲಿ ಕೂರುತ್ತಿದ್ದವು. ಅಂಥದೊಂದು ಕಂಪನಿ ತನ್ನ ಧಾರವಾಡದ ಕಾರ್ಖಾನೆಯನ್ನೇ ಮುಚ್ಚುತ್ತದೆಂದು ತಿಳಿದು, ಅವಳು ಮೊದಲ ಸಲ ಖುದ್ದಾಗಿ ಜಿನೀವಾದ ಸಭೆಗೆ ಹೋದಳು.

“ಕುರ್ಚಿ ಖಾಲಿ ಇಲ್ಲ ಮೇಡಂ, ಅಲ್ಲಿ ನೀವೇ ಕೂತಿದ್ದೀರಿ,” ಎಂದ ಬಾಗಿಲು ಕಾಯುವವ.

ಅವಳು ಒಳಗೆ ಹೋಗಿ ಗೋಡೆಗೊರಗಿ ನಿಂತಳು. ಕಾರ್ಖಾನೆ ಮುಚ್ಚಲು ಅಧ್ಯಕ್ಷರು ಒಪ್ಪಿಗೆ ಕೇಳಿದಾಗ ಪ್ರತಿರೂಪ ಎಂದಿನಂತೆ ಕೈಯೆತ್ತಿತು.

“ಬ್ಯಾಡವ್ವಾ, ಕೈ ಇಳಸು! ನಮ್ಮೂರಿನ ಫ್ಯಾಕ್ಟರಿ ಅದು!” ಎಂದು ವಸುಮತಿ ಕೂಗಿದಳು. ಯಾರೂ ತಿರುಗಲಿಲ್ಲ.

ಸಭೆ ಮುಗಿಯಿತು. ಅಧ್ಯಕ್ಷರೂ ಸೇರಿ ಎಲ್ಲರೂ ಒಬ್ಬೊಬ್ಬರಾಗಿ ದೀಪದಂತೆ ಆರಿಹೋದರು. ಮರ್ಯಾದೆಗೆಂದು ಪ್ರತಿ ಕುರ್ಚಿಯ ಮುಂದೆ ಇಟ್ಟಿದ್ದ ಚಹಾ ಹಾಗೇ ತಣ್ಣಗಾಗಿತ್ತು. ವಸುಮತಿ ತನ್ನ ಕುರ್ಚಿಯಲ್ಲಿ ಕೂತು, ತನ್ನ ಪಾಲಿನದನ್ನು ಕುಡಿದಳು.