ಬಿಳಿಯ ಮೇಲೆ ಬಿಳಿ

ಸೂಟು ತೊಟ್ಟ ಆ ಇಬ್ಬರು ಮತ್ತೆ ಬಂದಿದ್ದರು. ಒಬ್ಬ ಯಂತ್ರಗಳ ಫೋಟೊ ತೆಗೆಯುತ್ತಿದ್ದ. ಇನ್ನೊಬ್ಬ ಯಾರ ಮುಖವನ್ನೂ ನೋಡದೆ ಏನೋ ಬರೆದುಕೊಳ್ಳುತ್ತಿದ್ದ. ಅವರು ಹಾದುಹೋದ ಕಡೆಯೆಲ್ಲ ಮಾತು ನಿಲ್ಲುತ್ತಿತ್ತು. 2009ನೇ ಇಸವಿ. ಡೆಟ್ರಾಯಿಟ್ ಸುತ್ತಿನ ಕಾರ್ಖಾನೆಗಳು ಒಂದೊಂದಾಗಿ ದೀಪ ಆರಿಸುತ್ತಿದ್ದ ಕಾಲ. ಸ್ಟರ್ಲಿಂಗ್ ಹೈಟ್ಸ್‌ನ ಈ ಕಾರು ಬಿಡಿಭಾಗದ ಕಾರ್ಖಾನೆಯಲ್ಲಿ ಹೊಸ ಬೂಟಿನ ಸದ್ದು ಕೇಳಿದರೂ ಎದೆ ಹಾರುತ್ತಿತ್ತು.

"ಏನೋ ರಿಪೋರ್ಟ್ ಮಾಡಾಕತ್ತಾರಂತ್ರೀ," ಅಂದ ರೇವಣಪ್ಪ. ಗದಗದ ಕಡೆಯವನು, ಯಂತ್ರ ರಿಪೇರಿ ಅವನ ಕೆಲಸ. "ಅದನ್ನ ಮಾಡಿದವನ ಮನಿ ಹಾಳಾಗ್ಲಿ."

"ಬೆಳಿಗ್ಗೆ ಬೆಳಿಗ್ಗೆ ಶಾಪ ಯಾಕೆ, ಬಿಡಿ," ಅಂದ ದ್ವಾರಕಾನಾಥ.

ದ್ವಾರಕಾನಾಥ ಮೈಸೂರಿನವನು. ಕೆಲಸಕ್ಕೆ ಸೇರಿದ ಹೊಸಬರಿಗೆ ಪಾಠ ಹೇಳುವುದು ಅವನ ಪಾಲಿಗೆ ಬಂದಿತ್ತು. ಗೋಡೆಯ ಮೇಲೆ ಸ್ಲೈಡು ಬಿಟ್ಟು ಪಾಠ ಹೇಳುವವರು ಬಹಳ ಜನ. ತುಂಬ ಅಕ್ಷರ ತುರುಕಿ, ಬೆನ್ನು ತಿರುಗಿಸಿ ಅದನ್ನೇ ಓದುತ್ತಾರೆ, ಕೇಳುವವರು ತೂಕಡಿಸುತ್ತಾರೆ. ಇವನದು ಹಾಗಲ್ಲ. ತಗಡು ಒತ್ತುವ ಪ್ರೆಸ್ ಯಂತ್ರದ ಪಾಠಕ್ಕೆ ಇವನು ತೋರಿಸುತ್ತಿದ್ದುದು ಒಂದೇ ಚಿತ್ರ: ಮೇಜಿನ ಮೇಲೊಂದು ಕೈಗವಸು, ಅದರ ಒಂದು ಬೆರಳು ಚಪ್ಪಟೆ. ಕೆಳಗೆ 'ಮೊದಲು ನಿಲ್ಲಿಸು' ಅಂತ ಬರೆದಿರುತ್ತಿತ್ತು, ಅಷ್ಟೆ. ಆಮೇಲೆ ಸುಮ್ಮನೆ ನಿಂತುಬಿಡುತ್ತಿದ್ದ. ಅದು ಒಳಗಿಳಿಯುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಅವನ ಕೈಯಲ್ಲಿ ಕಲಿತ ಯಾರೂ ಬೆರಳು ಕಳೆದುಕೊಂಡಿರಲಿಲ್ಲ.

ಒಂದು ರೂಢಿ ಮಾತ್ರ ಬಿಟ್ಟಿರಲಿಲ್ಲ. ಮೇಲ್ತುದಿಯಲ್ಲಿ 'ಶ್ರೀ' ಬರೆಯದೆ ಯಾವ ಹಾಳೆಯನ್ನೂ ಶುರು ಮಾಡಬೇಡ ಎಂದು ಅಜ್ಜಿ ಕಲಿಸಿದ್ದಳು. ಅಮೆರಿಕದ ಕಾರ್ಖಾನೆಯಲ್ಲಿ ಅದನ್ನು ಯಾರಿಗೆ ವಿವರಿಸುವುದು? ಮೊದಲ ಸ್ಲೈಡಿನ ಎಡಮೂಲೆಯಲ್ಲಿ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಬಣ್ಣದಲ್ಲೇ ಬರೆದುಬಿಡುತ್ತಿದ್ದ. ದೇವರಿಗೆ ಕಂಡರೆ ಸಾಕು.

ಆ ಶುಕ್ರವಾರ ಸಂಜೆ ಮಗಳು ಮೈತ್ರೇಯಿಯ ಫೋನ್ ಬಂತು. ಷಿಕಾಗೋದ ಒಂದು ಸಲಹಾ ಕಂಪನಿಗೆ ಹೊಸದಾಗಿ ಸೇರಿ, ಪಕ್ಕದ ಅರೋರಾದಿಂದ ರೈಲಿನಲ್ಲಿ ಓಡಾಡುತ್ತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ತಾನಾಗಿ ಕನ್ನಡಕ್ಕೆ ಬಂದಿದ್ದಳು.

"ಅಪ್ಪಾ, ನಂಗೆ ಹೆಲ್ಪ್ ಬೇಕು. ಹೊಸಬರಲ್ಲಿ ಒಬ್ಬರನ್ನ ಮಾತ್ರ ಇಟ್ಕೋತಾರಂತೆ. ಈ ಪ್ರೆಸೆಂಟೇಶನ್ ಸರಿಯಾಗದಿದ್ರೆ ಐ ಆಮ್ ಔಟ್."

ಅವಳು ಕಳಿಸಿದ್ದನ್ನು ತೆರೆದು ನೋಡಿದ. ಸ್ಲೈಡು ಸ್ಲೈಡಿಗೂ ಇರುವೆ ಸಾಲಿನ ಹಾಗೆ ಅಕ್ಷರ. ಹೆಸರು ಒಂದೂ ಇಲ್ಲ. ಸೈಟ್ ಎ, ಸೈಟ್ ಬಿ, ಅಷ್ಟೆ.

"ಏನು ಪುಟ್ಟಿ ಇವು, ಅಂಗಡಿಯೋ ಗೋದಾಮೋ?"

"ನಂಗೂ ಗೊತ್ತಿಲ್ಲ. ಜೂನಿಯರ್‌ಗಳಿಗೆ ಹೇಳಲ್ಲ, ನಂಬರ್ಸ್ ಕೂಡ ಬದಲಾಯಿಸಿ ಕೊಡ್ತಾರೆ. ನಿಂಗೆ ತೋರಿಸೋ ಹಾಗೂ ಇಲ್ಲ. ಯಾರಿಗೂ ಹೇಳ್ಬೇಡ."

"ಆಯ್ತು. ಇಷ್ಟೆಲ್ಲ ಕೇಳಿದ ಮೇಲೆ ಅವರ ತಲೇಲಿ ಏನು ಉಳೀಬೇಕು, ಒಂದೇ ಮಾತಲ್ಲಿ ಹೇಳು."

"ಬಿ ಮುಚ್ಚಬೇಕು ಅಂತ."

"ಹಾಗಾದ್ರೆ ಅದನ್ನೇ ಮೊದಲು ಹೇಳು. ದೊಡ್ಡ ಅಕ್ಷರದಲ್ಲಿ. ಹೇಳಿ ಸುಮ್ಮನೆ ನಿಂತ್ಕೋ."

ಶನಿವಾರ, ಭಾನುವಾರ ಫೋನ್ ಕಿವಿಯಿಂದ ಇಳಿಯಲಿಲ್ಲ. ಹೆಂಡತಿ ಪದ್ಮಜಾ ಇಟ್ಟ ಕಾಫಿ ಆರಿ ಕೆನೆಗಟ್ಟಿತು. ಅಪ್ಪ ಮಗಳು ಕಳೆ ಕಿತ್ತ ಹಾಗೆ ಸಾಲು ಕಿತ್ತರು. ಚಿತ್ರದಲ್ಲಿ ಎಲ್ಲವನ್ನೂ ಬೂದಿ ಬಣ್ಣಕ್ಕಿಳಿಸಿ, ಬಿಯ ಖರ್ಚೊಂದನ್ನೇ ಕೆಂಪು ಮಾಡಿದರು. ನೋಡಿದ ಕಣ್ಣು ಬೇರೆಲ್ಲಿಗೂ ಹೋಗುವಂತಿರಲಿಲ್ಲ.

ಕೊನೆಗೆ ಒಂದು ಸ್ಲೈಡು ಉಳಿಯಿತು. ಬಿಯಲ್ಲಿ ಕೆಲಸದ ವೇಳೆ ಗಾಯಗೊಂಡವರು ತೀರ ಕಡಿಮೆ ಎಂದು ಅದರಲ್ಲಿತ್ತು.

"ಇದು ಇರ್ಲಿ ಅಪ್ಪಾ. ಪಾಪ, ಅಲ್ಲೂ ಜನ ಇದ್ದಾರೆ."

ಅವನೂ ಒಂದು ಗಳಿಗೆ ಯೋಚಿಸಿದ. "ಒಳ್ಳೇ ಮಾತೇ. ಆದ್ರೆ ನಿನ್ನ ಮಾತಿಗೆ ಅಡ್ಡ ಬರುತ್ತೆ. ಕೇಳೋರಿಗೆ ಅನುಮಾನ ಬಂದ್ರೆ ನಿನ್ನ ಕೆಲಸ ಹೋಗುತ್ತೆ. ತೆಗಿ."

ಪದ್ಮಜಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಯಾರದೋ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವೇನ್ರೀ?"

"ಎರಡರಲ್ಲಿ ಒಂದು ಹೇಗಿದ್ರೂ ಹೋಗುತ್ತೆ ಪದ್ಮಾ. ನಮ್ಮನೆ ಮಗು ಉಳೀಲಿ."

ಕಳಿಸುವ ಮುನ್ನ ಕೈ ತಾನಾಗಿ ಮೊದಲ ಸ್ಲೈಡಿನ ಮೂಲೆಗೆ ಹೋಯಿತು. ಮಗಳಿಗೆ ಹೇಳಲಿಲ್ಲ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಕಾರ್ಖಾನೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವಾಗ ಮೈತ್ರೇಯಿ ಕರೆದಳು. ನಗುತ್ತಿದ್ದಳೋ ಅಳುತ್ತಿದ್ದಳೋ. "ಅಪ್ಪಾ, ನನ್ನನ್ನ ಇಟ್ಕೊಂಡ್ರು! ಕ್ಲೈಂಟ್ ಒಂದು ಪ್ರಶ್ನೆನೂ ಕೇಳ್ಲಿಲ್ಲವಂತೆ. ಇಷ್ಟು ಚೆನ್ನಾಗಿ ಹೇಗೆ ಮಾಡ್ದೆ ಅಂದ್ರು. ನಾನೇ ಮಾಡ್ದೆ ಅಂದ್ಬಿಟ್ಟೆ, ಸಾರಿ!"

ಅರೋರಾದ ಗುಡಿಯ ಬಾಲಾಜಿಗೆ ಪದ್ಮಜಾ ಹರಕೆ ಹೊತ್ತಿದ್ದಳು. ಈ ವಾರವೇ ಡ್ರೈವ್ ಮಾಡಿಕೊಂಡು ಹೋಗಿ ತೀರಿಸಿಬಿಡಬೇಕು ಅಂದುಕೊಂಡು ದ್ವಾರಕಾನಾಥ ಹಗುರವಾಗಿ ಒಳಗೆ ನಡೆದ.

ಒಳಗೆ ಯಂತ್ರಗಳ ಸದ್ದಿರಲಿಲ್ಲ. ಎಲ್ಲರನ್ನೂ ಕ್ಯಾಂಟೀನಿಗೆ ಕರೆದಿದ್ದರು. ಸೂಟಿನ ಇಬ್ಬರು ಗೋಡೆಗೆ ಒರಗಿ ನಿಂತಿದ್ದರು. ಮ್ಯಾನೇಜರ್ ಮುಖ ತಗ್ಗಿಸಿಯೇ, ಇವರು ಮಾಡಿಕೊಟ್ಟಿದ್ದನ್ನೇ ನಿಮಗೂ ತೋರಿಸುತ್ತೇನೆ, ನನಗೆ ಬೇರೆ ಮಾತು ಬರುವುದಿಲ್ಲ ಅಂದ. ದೀಪ ಆರಿತು.

ಗೋಡೆಯ ತುಂಬ ಸೂಟಿನವರ ಕಂಪನಿಯ ಕಡುನೀಲಿ ಬಣ್ಣ. ನಡುವೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: ಸ್ಟರ್ಲಿಂಗ್ ಹೈಟ್ಸ್ ಮುಚ್ಚಬೇಕು. ಮ್ಯಾನೇಜರ್ ಸುಮ್ಮನೆ ನಿಂತ. ಯಾರೂ ತೂಕಡಿಸಲಿಲ್ಲ.

"ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ," ರೇವಣಪ್ಪ ಕತ್ತಲಲ್ಲಿ ಪಿಸುಗುಟ್ಟಿದ. "ಎಷ್ಟು ಚಂದ ಮಾಡ್ಯಾನ ನೋಡ್ರಿ, ಮನಿಹಾಳ."

ದ್ವಾರಕಾನಾಥನಿಗೆ ಅದು ಕೇಳಿಸಲಿಲ್ಲ. ಅವನ ಕಣ್ಣು ಎಡಮೂಲೆಯಲ್ಲಿ ನೆಟ್ಟಿತ್ತು.

ಅಲ್ಲಿ, ಕಡುನೀಲಿಯ ಮೇಲೆ ಬೆಳ್ಳಗೆ, ಎಲ್ಲರಿಗೂ ಕಾಣುವ ಹಾಗೆ: ಶ್ರೀ.